ಸೋಂಕಿನ ದಾರಿ ಊರಿಗೆ ಗೊತ್ತು

2020ರ ಬೇಸಿಗೆಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ದಿನಾ ಹೊರಡಿಸುತ್ತಿದ್ದ ಕೋವಿಡ್ ಬುಲೆಟಿನ್ ಹಲವರಿಗೆ ಇನ್ನೂ ನೆನಪಿರಬಹುದು. ಸೋಂಕಿತರ ಹೆಸರಿನ ಬದಲು ‘ಪಿ’ ಅಕ್ಷರ, ಅದರ ಮುಂದೊಂದು ಸಂಖ್ಯೆ. ಆಮೇಲೆ ವಯಸ್ಸು, ಲಿಂಗ, ಜಿಲ್ಲೆ. ಕೊನೆಯಲ್ಲಿ ಇಂಥ ಸಂಖ್ಯೆಯ ರೋಗಿಯ ಸಂಪರ್ಕ ಎಂದೋ, ಹೊರರಾಜ್ಯದಿಂದ ಬಂದವರು ಎಂದೋ ಒಂದು ಸಾಲು. ಟಿ.ವಿ. ಮುಂದೆ ಕೂತ ನಾವು ಇವತ್ತು ಎಷ್ಟು ಕೇಸು, ಎಷ್ಟು ಸಾವು ಎಂದು ಮೇಲಿನ ಅಂಕಿಯನ್ನಷ್ಟೇ ನೋಡಿ ಎದ್ದುಹೋಗುತ್ತಿದ್ದೆವು. ರೋಗತಜ್ಞರಿಗೆ ಬೇಕಾಗಿದ್ದದ್ದು ಮಾತ್ರ ಆ ಕೊನೆಯ ಸಾಲು. ಯಾರಿಂದ ಯಾರಿಗೆ ಎಂದು ಗೆರೆ ಎಳೆದು ಜೋಡಿಸುತ್ತ ಹೋದರೆ, ಒಟ್ಟು ಲೆಕ್ಕದಲ್ಲಿ ಕಾಣದ ಸಂಗತಿಯೊಂದು ಅಲ್ಲಿ ಕಾಣುತ್ತಿತ್ತು.

ಹಾಗೆ ಜೋಡಿಸಿ ನೋಡಿದ ತಂಡವೊಂದರಲ್ಲಿ ಬೆಂಗಳೂರಿನ ಸಾಂಕ್ರಾಮಿಕ ರೋಗತಜ್ಞ ಡಾ. ಗಿರಿಧರ ಬಾಬು, ವೈರಾಣು ತಜ್ಞ ಡಾ. ವಿ. ರವಿ ಮುಂತಾದವರಿದ್ದರು. ಆ ವರ್ಷದ ಜುಲೈ 21ರವರೆಗಿನ ಕರ್ನಾಟಕದ ಮಾಹಿತಿಯನ್ನು ಅವರು ಜಾಲಾಡಿದರು. ಸಂಪರ್ಕದ ವಿವರ ಸಿಕ್ಕಿದ್ದ 956 ಸೋಂಕಿತರ ಪೈಕಿ ಬರೀ ಶೇ 8.7ರಷ್ಟು ಮಂದಿಯಿಂದ ಮುಂದಿನ ಸೋಂಕುಗಳಲ್ಲಿ ಶೇ 80ರಷ್ಟು ಹರಡಿತ್ತು. ಅದೇ ಹೊತ್ತಿಗೆ ತಮಿಳುನಾಡು ಮತ್ತು ಆಂಧ್ರಪ್ರದೇಶಗಳಲ್ಲಿ ರಮಣನ್ ಲಕ್ಷ್ಮೀನಾರಾಯಣ್ ಅವರ ತಂಡ ಸುಮಾರು 85 ಸಾವಿರ ಸೋಂಕಿತರನ್ನೂ ಅವರ ಸಂಪರ್ಕಕ್ಕೆ ಬಂದಿದ್ದ 5.75 ಲಕ್ಷ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಶೇ 70ಕ್ಕೂ ಹೆಚ್ಚು ಸೋಂಕಿತರ ಸಂಪರ್ಕದಲ್ಲಿದ್ದ ಒಬ್ಬರಲ್ಲೂ ಸೋಂಕು ಪತ್ತೆಯಾಗಿರಲಿಲ್ಲ.

ಒಬ್ಬರಿಂದ ಸರಾಸರಿ ಎರಡೋ ಮೂರೋ ಮಂದಿಗೆ ಹರಡುತ್ತದೆ ಎಂದು ಆಗ ಪತ್ರಿಕೆಗಳಲ್ಲಿ ಓದುತ್ತಿದ್ದೆವಲ್ಲ, ಆ ಸರಾಸರಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ನಿಜದಲ್ಲಿ ಹೆಚ್ಚಿನವರು ಯಾರಿಗೂ ಹರಡುವುದಿಲ್ಲ, ಕೆಲವರು ಹತ್ತಾರು ಮಂದಿಗೆ ಹರಡಿಬಿಡುತ್ತಾರೆ. ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ 2020ರ ಮಾರ್ಚ್ ಕೊನೆಗೆ ಒಬ್ಬ ನೌಕರರಲ್ಲಿ ಸೋಂಕು ಪತ್ತೆಯಾಯಿತು. ನೋಡನೋಡುತ್ತ ಆ ಸರಪಳಿಯಲ್ಲಿ 70ಕ್ಕೂ ಹೆಚ್ಚು ಮಂದಿ ಸೇರಿಕೊಂಡರು. ವಿದೇಶದಿಂದ ಸೋಂಕು ಹೊತ್ತು ತಂದ ಎಷ್ಟೋ ಮಂದಿಯಿಂದ ಮನೆಯವರಿಗೂ ಅದು ತಗುಲಿರಲಿಲ್ಲ.

ಹಾಗಾದರೆ ರೋಗ ತಡೆಯುವವರು ಎಷ್ಟು ಜನರಿಗೆ ಲಸಿಕೆ ಎಂದು ಲೆಕ್ಕ ಹಾಕುವ ಮೊದಲು ಯಾರಿಗೆ, ಎಲ್ಲಿ ಎಂದು ಕೇಳಬೇಕು. ಜನರ ಒಡನಾಟದ ಜಾಲವನ್ನೇ ರೋಗದ ವಿರುದ್ಧ ಬಳಸುವ ಈ ಉಪಾಯ ಕಂಪ್ಯೂಟರ್ ಕಾಲದ್ದಲ್ಲ. ಜಗತ್ತಿನಿಂದ ಸಿಡುಬನ್ನು ಓಡಿಸಿದ್ದೇ ಇದು.

ಸಿಡುಬಿಗೆ ಲಸಿಕೆ ಬಂದದ್ದು 18ನೇ ಶತಮಾನದ ಕೊನೆಗೆ. ಆದರೂ 1960ರ ದಶಕದಲ್ಲಿ ಏಷ್ಯಾ, ಆಫ್ರಿಕಾಗಳಲ್ಲಿ ಅದು ವರ್ಷವರ್ಷವೂ ಲಕ್ಷಗಟ್ಟಲೆ ಜನರನ್ನು ಕೊಲ್ಲುತ್ತಿತ್ತು. ನೂರಕ್ಕೆ ಎಂಬತ್ತು ಜನರಿಗೆ ದಾಕು ಹಾಕಿದರೆ ರೋಗ ತಾನಾಗಿ ನಿಲ್ಲುತ್ತದೆ ಎಂಬುದು ಆಗಿನ ನಂಬಿಕೆ. 1966ರ ಡಿಸೆಂಬರ್‌ನಲ್ಲಿ ಪೂರ್ವ ನೈಜೀರಿಯಾದ ಒಗೋಜಾ ಸೀಮೆಯಲ್ಲಿ ಸಿಡುಬು ಕಾಣಿಸಿಕೊಂಡಾಗ ಅಲ್ಲಿದ್ದ ಅಮೆರಿಕದ ಯುವ ವೈದ್ಯ ವಿಲಿಯಂ ಫೇಗಿ ಅವರ ಬಳಿ ಎಂಬತ್ತಿರಲಿ, ಅದರ ಅರ್ಧ ಜನಕ್ಕೆ ಸಾಲುವಷ್ಟೂ ಲಸಿಕೆ ಇರಲಿಲ್ಲ.

ಫೇಗಿ ಅಲ್ಲಿನ ಮಿಷನರಿಗಳ ಮೊರೆ ಹೋದರು. ದೂರದೂರದ ಹಳ್ಳಿಗಳಲ್ಲಿದ್ದ ಅವರು ಸಂಜೆ ಹೊತ್ತು ರೇಡಿಯೋ ಮೂಲಕ ಪರಸ್ಪರ ಮಾತಾಡಿಕೊಳ್ಳುತ್ತಿದ್ದರು. ನಕ್ಷೆ ಹರಡಿ ಹಳ್ಳಿಗಳನ್ನು ಹಂಚಿಕೊಂಡು, ಪ್ರತಿ ಹಳ್ಳಿಗೂ ಆಳು ಕಳಿಸಿ ಎಲ್ಲೆಲ್ಲಿ ಸಿಡುಬು ಇದೆ ಎಂದು ವಿಚಾರಿಸಿಕೊಂಡರು. ಮರುದಿನ ಸಂಜೆಗೆ ಪಟ್ಟಿ ತಯಾರು. ಇದ್ದ ಲಸಿಕೆಯಲ್ಲಿ ಮೊದಲ ಪಾಲು ರೋಗ ಕಂಡ ಹಳ್ಳಿಗಳಿಗೆ ಹೋಯಿತು. ಉಳಿದದ್ದಕ್ಕೆ ಅವರು ಕೇಳಿಕೊಂಡ ಪ್ರಶ್ನೆಯೇ ಬೇರೆ: ಈ ಹಳ್ಳಿಗಳ ಜನ ಯಾವ ಸಂತೆಗೆ ಹೋಗುತ್ತಾರೆ? ಯಾವ ಊರಿನಲ್ಲಿ ಅವರ ನೆಂಟರಿದ್ದಾರೆ? ಉತ್ತರವಾಗಿ ಬಂದ ಜಾಗಗಳಲ್ಲಿ, ಅಲ್ಲಿನ್ನೂ ಒಬ್ಬರಿಗೂ ರೋಗ ಕಾಣಿಸದಿದ್ದರೂ, ಲಸಿಕೆ ಹಾಕಿದರು. ಪ್ರದೇಶದ ಅರ್ಧದಷ್ಟು ಜನರಿಗೂ ಲಸಿಕೆ ತಲುಪುವ ಮೊದಲೇ ಸಿಡುಬಿನ ಸರಪಳಿ ತುಂಡಾಗಿತ್ತು.

ಭಾರತದಲ್ಲಿ ಇದೇ ಕೆಲಸ ಹೆಚ್ಚು ಕಷ್ಟದ್ದಾಯಿತು. ಇಲ್ಲಿನ ಜನಸಂದಣಿಯಲ್ಲಿ ಎಂಬತ್ತರ ಲೆಕ್ಕ ಮುಟ್ಟಿದ ಕಡೆಗಳಲ್ಲೂ ಸಿಡುಬು ಉಳಿದ ಇಪ್ಪತ್ತು ಮಂದಿಯ ನಡುವೆ ದಾರಿ ಮಾಡಿಕೊಳ್ಳುತ್ತಿತ್ತು. 1974ರಲ್ಲಿ ದೇಶದಲ್ಲಿ 1.88 ಲಕ್ಷ ಪ್ರಕರಣಗಳು, 31 ಸಾವಿರ ಸಾವು. ಬಿಹಾರವಂತೂ ತತ್ತರಿಸಿಹೋಗಿತ್ತು. ಹುಡುಕಿದಷ್ಟೂ ಹೊಸ ರೋಗಿಗಳು ಸಿಗುತ್ತಿದ್ದುದರಿಂದ ರಾಜ್ಯ ಸರ್ಕಾರಕ್ಕೆ ಈ ಹೊಸ ಪದ್ಧತಿಯ ಮೇಲೆ ನಂಬಿಕೆ ಹೋಗಿ, ಎಲ್ಲರಿಗೂ ಲಸಿಕೆ ಹಾಕುವ ಹಳೆಯ ಕ್ರಮಕ್ಕೇ ಮರಳೋಣ ಎಂಬ ಮಾತು ಬಂತು. ಆ ಸಭೆಯಲ್ಲಿ ಸ್ಥಳೀಯ ವೈದ್ಯರೊಬ್ಬರು ಎದ್ದು ನಿಂತು, ನಮ್ಮೂರಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಗೇ ನೀರು ಹಾಕುತ್ತೇವೆ, ಊರಿನ ಎಲ್ಲ ಮನೆಗಳಿಗೆ ಹಾಕುತ್ತ ಕೂರುವುದಿಲ್ಲ ಎಂಬರ್ಥದ ಮಾತು ಹೇಳಿದರೆಂದು ಆಗ ಭಾರತದಲ್ಲೇ ಇದ್ದ ಫೇಗಿ ಬರೆದಿದ್ದಾರೆ. ಹೊಸ ಪದ್ಧತಿಗೆ ಇನ್ನೊಂದು ತಿಂಗಳ ಅವಕಾಶ ಸಿಕ್ಕಿತು.

ಆ ಪದ್ಧತಿಯಲ್ಲಿ ಆರೋಗ್ಯ ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆ, ಶಾಲೆ, ಸಂತೆ ಸುತ್ತುತ್ತಿದ್ದರು. ಇಂಥವರನ್ನು ಎಲ್ಲಾದರೂ ಕಂಡಿರಾ ಎಂದು ಕೇಳುತ್ತಿದ್ದರು. ತೋರಿಸಿಕೊಟ್ಟವರಿಗೆ ಬಹುಮಾನ. ರೋಗಿಯ ಮನೆಗೆ ಕಾವಲು. ಒಳಗೆ ಹೋಗುವವರೆಲ್ಲ ಲಸಿಕೆ ಹಾಕಿಸಿಕೊಂಡೇ ಹೋಗಬೇಕು. ರೋಗಿ ಕಡಿಮೆಯಾದಂತೆ ಬಹುಮಾನದ ಮೊತ್ತ ಏರುತ್ತ ಕೊನೆಗೆ 1000 ರೂಪಾಯಿ ತಲುಪಿತು. 1975ರ ಮೇ 24ರಂದು ಅಸ್ಸಾಂನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಪತ್ತೆಯಾದ ಮಹಿಳೆಯೇ ದೇಶದ ಕೊನೆಯ ಸಿಡುಬು ರೋಗಿ. ಐದು ವರ್ಷಗಳ ನಂತರ, 1980ರ ಮೇ 8ರಂದು, ಜಗತ್ತೇ ಸಿಡುಬುಮುಕ್ತ ಎಂಬ ಘೋಷಣೆ ಬಂತು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಲಸಿಕೆಯನ್ನು ಪರೀಕ್ಷಿಸಿದ್ದೂ ರೋಗಿಯ ಸುತ್ತಲಿನವರಿಗೆ, ಆ ಸುತ್ತಲಿನವರ ಸುತ್ತಲಿನವರಿಗೆ ಹಾಕುವ ಇದೇ ವರ್ತುಲ ಕ್ರಮದಲ್ಲಿ.

ಇವೆಲ್ಲ ರೋಗ ಬಂದ ಮೇಲಿನ ಕಥೆ. ರೋಗ ಇನ್ನೂ ಬಂದಿಲ್ಲ, ಲಸಿಕೆ ಸ್ವಲ್ಪವೇ ಇದೆ ಎಂದಾದರೆ ಮೊದಲು ಯಾರಿಗೆ? ಯಾರು ಯಾರನ್ನು ಭೇಟಿಯಾಗುತ್ತಾರೆ ಎಂದು ಊರೆಲ್ಲ ಸಮೀಕ್ಷೆ ಮಾಡುತ್ತ ಕೂತರೆ ಅಷ್ಟರಲ್ಲಿ ರೋಗವೇ ಬಂದಿರುತ್ತದೆ. ಇದಕ್ಕೊಂದು ಒಳದಾರಿ ಇದೆ, ಅದು ಬಹಳ ಚೆನ್ನಾಗಿದೆ.

ಐದೇ ಜನರ ಒಂದು ಊರು ಎಂದುಕೊಳ್ಳೋಣ. ಹಿಟ್ಟಿನ ಗಿರಣಿಯವನು, ಮೇಷ್ಟ್ರು, ಕಮ್ಮಾರ, ಕುರಿ ಕಾಯುವವನು, ಒಬ್ಬಂಟಿ ಅಜ್ಜಿ. ನಾಲ್ವರೂ ಗಿರಣಿಗೆ ಹೋಗುತ್ತಾರೆ, ತಮ್ಮತಮ್ಮಲ್ಲಿ ಭೇಟಿಯಾಗುವುದಿಲ್ಲ. ಇರುವುದು ಒಂದೇ ಡೋಸ್ ಲಸಿಕೆ. ಗಿರಣಿಯವನಿಗೆ ಹಾಕಿದರೆ ಊರು ಉಳಿಯುತ್ತದೆ, ಏಕೆಂದರೆ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಇರುವುದು ಅವನೊಬ್ಬನೇ ದಾರಿ. ಆದರೆ ಲಸಿಕೆ ತಂದ ನರ್ಸಿಗೆ ಈ ಊರು ಹೊಸದು. ಚೀಟಿ ಎತ್ತಿ ಒಬ್ಬರನ್ನು ಆರಿಸಿದರೆ ಅದು ಗಿರಣಿಯವನೇ ಆಗುವ ಸಾಧ್ಯತೆ ಐದರಲ್ಲಿ ಒಂದು, ಅಂದರೆ ಶೇ 20. ಈಗ ಆಕೆ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಲಿ. ಚೀಟಿಯಲ್ಲಿ ಬಂದವರಿಗೆ ಲಸಿಕೆ ಹಾಕುವ ಬದಲು, ‘ನೀವು ಆಗಾಗ ಭೇಟಿಯಾಗುವ ಒಬ್ಬರ ಹೆಸರು ಹೇಳಿ’ ಎಂದು ಕೇಳಿ, ಆ ಹೆಸರಿನವರಿಗೆ ಹಾಕಲಿ. ಚೀಟಿಯಲ್ಲಿ ಮೇಷ್ಟ್ರು ಬಂದರೂ ಅಜ್ಜಿ ಬಂದರೂ ಉತ್ತರ ಗಿರಣಿಯವನೇ. ಸಾಧ್ಯತೆ ಐದರಲ್ಲಿ ನಾಲ್ಕಕ್ಕೆ, ಅಂದರೆ ಶೇ 80ಕ್ಕೆ ಏರಿತು. ಯಾವ ಸಮೀಕ್ಷೆಯೂ ಇಲ್ಲ, ನಕ್ಷೆಯೂ ಇಲ್ಲ, ಒಂದೇ ಒಂದು ಪ್ರಶ್ನೆ.

ನಿಜವಾದ ಊರುಗಳು ಇಷ್ಟು ಸರಳವಲ್ಲ. ಆದರೆ ಲೆಕ್ಕದ ತಿರುಳು ಅಲ್ಲೂ ನಿಲ್ಲುತ್ತದೆ. ಸರಾಸರಿ ನೋಡಿದರೆ ನಮ್ಮ ಗೆಳೆಯರಿಗೆ ನಮಗಿಂತ ಹೆಚ್ಚು ಗೆಳೆಯರಿರುತ್ತಾರೆ ಎಂದು ಸಮಾಜವಿಜ್ಞಾನಿ ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದರು. ಹೆಚ್ಚು ಜನರ ಒಡನಾಟ ಇರುವವರು ಹೆಚ್ಚು ಜನರ ಪಟ್ಟಿಯಲ್ಲಿ ಇರುತ್ತಾರೆ, ಅಷ್ಟೇ ಗುಟ್ಟು. ಹೀಗೆ ಒಡನಾಡಿಯ ಹೆಸರು ಕೇಳಿ ಲಸಿಕೆ ಹಾಕಿದರೆ ಎಷ್ಟೋ ಕಡಿಮೆ ಡೋಸ್‌ಗಳಲ್ಲಿ ಜಾಲ ಕಡಿದುಹೋಗುತ್ತದೆ ಎಂದು ರೂವೆನ್ ಕೊಹೆನ್, ಶ್ಲೊಮೊ ಹಾವ್ಲಿನ್ ಮತ್ತು ಸಂಗಡಿಗರು 2003ರಲ್ಲಿ ಗಣಿತದ ಮೂಲಕ ತೋರಿಸಿದರು. 2009ರ ಎಚ್1ಎನ್1 ಜ್ವರದ ಸಮಯದಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಹಾರ್ವರ್ಡ್‌ನ 744 ವಿದ್ಯಾರ್ಥಿಗಳ ಮೇಲೆ ಕಣ್ಣಿಟ್ಟಿದ್ದರು. ಅವರಲ್ಲಿ ಕೆಲವರು ಚೀಟಿ ಎತ್ತಿದಂತೆ ಆರಿಸಿದವರು, ಉಳಿದವರು ಇವರು ಹೆಸರಿಸಿದ ಗೆಳೆಯರು. ಗೆಳೆಯರ ಗುಂಪಿನಲ್ಲಿ ಜ್ವರ ಸುಮಾರು ಎರಡು ವಾರ ಮೊದಲೇ ಏರಿತ್ತು. ಎರಡು ವಾರದ ಮುನ್ಸೂಚನೆ ಸಿಕ್ಕರೆ ಒಂದು ಜಿಲ್ಲಾಸ್ಪತ್ರೆ ಎಷ್ಟೆಲ್ಲ ಸಿದ್ಧತೆ ಮಾಡಿಕೊಳ್ಳಬಹುದು!

ಯಾರ ಒಡನಾಟ ಹೆಚ್ಚು ಎಂದು ಊರವರನ್ನೇ ಕೇಳಿದರೆ ಸಾಕು ಎಂಬುದಕ್ಕೆ ಕರ್ನಾಟಕದ ಹಳ್ಳಿಗಳದೇ ಒಂದು ಪುರಾವೆ ಇದೆ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜ್ಯಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ರಾಜ್ಯದ 213 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಫೋನ್ ಮಾಡಿದವರಿಗೆ ಬಹುಮಾನ ಗೆಲ್ಲುವ ಅವಕಾಶವಿದೆ ಎಂಬ ಸುದ್ದಿಯನ್ನು ಊರಿನ ಕೆಲವರ ಕಿವಿಗೆ ಹಾಕಿ, ಎಷ್ಟು ಕರೆ ಬರುತ್ತವೆ ಎಂದು ಎಣಿಸಿದರು. ಕೆಲವು ಊರುಗಳಲ್ಲಿ ಯಾರೋ ಕೆಲವರಿಗೆ ಹೇಳಿದರು, ಕೆಲವು ಕಡೆ ಹಿರಿಯರಿಗೆ, ಇನ್ನು ಕೆಲವು ಕಡೆ ‘ಸುದ್ದಿ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕು’ ಎಂದು ಊರವರನ್ನೇ ಕೇಳಿ ಅವರು ತೋರಿಸಿದವರಿಗೆ. ಹೆಚ್ಚು ಕರೆ ಬಂದದ್ದು ಈ ಮೂರನೆಯ ಬಗೆಯ ಊರುಗಳಿಂದ. ಯಜಮಾನಿಕೆ ಬೇರೆ, ಒಡನಾಟ ಬೇರೆ ಎಂಬುದು ಊರಿನವರಿಗೆ ಚೆನ್ನಾಗಿಯೇ ಗೊತ್ತಿತ್ತು. ಮುಂದೆ ಹರಿಯಾಣದ 521 ಹಳ್ಳಿಗಳಲ್ಲಿ ಮಕ್ಕಳ ಲಸಿಕೆ ಶಿಬಿರದ ಸುದ್ದಿಯನ್ನು ಹೀಗೆ ಹಬ್ಬಿಸಿದಾಗ, ಊರವರು ಹೆಸರಿಸಿದವರಿಗೆ ಹೇಳಿದ ಹಳ್ಳಿಗಳಲ್ಲಿ ತಿಂಗಳಿಗೆ ಲಸಿಕೆ ಪಡೆದ ಮಕ್ಕಳ ಸಂಖ್ಯೆ ಶೇ 22ರಷ್ಟು ಹೆಚ್ಚಿತ್ತು. ಸೋಂಕು ಹರಡುವ ಜಾಲದಲ್ಲೇ ಅದನ್ನು ತಡೆಯುವ ತಿಳಿವಳಿಕೆಯೂ ಹರಡುತ್ತದೆ.

ಜಾಲ ಎಂದರೆ ಬರೀ ಊರು, ಬೀದಿ ಅಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಜ್ವರದಿಂದ ಒಬ್ಬ ಯುವಕ ತೀರಿಕೊಂಡ. ಯಾವ ರೋಗ ಎಂದು ತಿಳಿಯಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಅವನ ಸಹೋದರನಿಗೂ ಅದೇ ಲಕ್ಷಣ. ಅಲ್ಲಿನ ವೈದ್ಯರು ಕಳಿಸಿದ ಮಾದರಿಯನ್ನು ಪರೀಕ್ಷಿಸಿ ಇದು ನಿಪಾ ಎಂದು ಮೊದಲು ಗುರುತಿಸಿದ್ದು ಮಣಿಪಾಲದಲ್ಲಿ ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದ ವೈರಾಣು ಸಂಶೋಧನಾ ಕೇಂದ್ರ. ಆಮೇಲೆ ಯಾರು ಯಾವಾಗ ಎಲ್ಲಿದ್ದರು ಎಂದು ಕೆದಕಿದಾಗ ಸಿಕ್ಕಿದ ಚಿತ್ರ ಬೇರೆಯೇ ಆಗಿತ್ತು. ಆ ಬಾರಿ ಗುರುತಿಸಿದ 23 ಪ್ರಕರಣಗಳಲ್ಲಿ ಬಹುಪಾಲು ಮಂದಿಗೆ ಸೋಂಕು ತಗುಲಿದ್ದು ಆಸ್ಪತ್ರೆಯೊಳಗೆ. ಹಾಸಿಗೆ ಪಕ್ಕದ ರೋಗಿ, ಆರೈಕೆಗೆ ಬಂದ ನೆಂಟ, ಸ್ಕ್ಯಾನಿಂಗ್‌ಗಾಗಿ ಅದೇ ಓಣಿಯಲ್ಲಿ ಕಾದು ಕೂತವರು, ಶುಶ್ರೂಷೆ ಮಾಡಿದ ನರ್ಸ್. ಗಿರಣಿಯವನ ಜಾಗದಲ್ಲಿ ಇಲ್ಲಿ ಆಸ್ಪತ್ರೆಯ ಕಾರಿಡಾರ್ ನಿಂತಿತ್ತು. ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರ ಪಟ್ಟಿ ಮಾಡಿ ಕಣ್ಣಿಟ್ಟದ್ದರಿಂದ ಲಸಿಕೆಯೇ ಇಲ್ಲದ ರೋಗ ಒಂದು ತಿಂಗಳಲ್ಲಿ ಹಿಡಿತಕ್ಕೆ ಬಂತು.

ಕರ್ನಾಟಕದ ಆ 956 ಮಂದಿಯ ಅಧ್ಯಯನದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಶೇ 80ರಷ್ಟು ಸೋಂಕು ಹರಡಿದ ಆ ಸಣ್ಣ ಗುಂಪಿನವರು ಭೇಟಿಯಾದದ್ದು ಒಟ್ಟು ಸಂಪರ್ಕಿತರಲ್ಲಿ ಶೇ 14.4ರಷ್ಟು ಮಂದಿಯನ್ನು ಮಾತ್ರ. ಎಂದರೆ ಎಷ್ಟು ಜನರನ್ನು ಕಂಡರು ಎಂಬುದೊಂದೇ ಸಾಲದು. ಯಾವ ಹೊತ್ತಿನಲ್ಲಿ, ಎಂಥ ಕೋಣೆಯಲ್ಲಿ, ಎಷ್ಟು ಹೊತ್ತು ಎಂಬುದೂ ಸೇರುತ್ತದೆ. ಅದಕ್ಕೇ ಜಪಾನಿನ ತಜ್ಞರು ಕೋವಿಡ್ ಶುರುವಿನಲ್ಲಿ ಸೋಂಕಿತರು ಇನ್ನು ಯಾರಿಗೆ ಹರಡಬಹುದು ಎಂಬ ಪ್ರಶ್ನೆಯ ಜೊತೆಗೆ, ಇವರಿಗೆ ಎಲ್ಲಿಂದ ಬಂತು ಎಂದು ಹಿಂದಕ್ಕೂ ಹುಡುಕಿದರು. ಹಿಂದಕ್ಕೆ ಹೋದರೆ ಹಲವರಿಗೆ ಹಂಚಿದ ಜಾಗ ಸಿಗುವ ಸಾಧ್ಯತೆ ಹೆಚ್ಚು. ಗಿರಣಿಯ ಲೆಕ್ಕವೇ ಇಲ್ಲೂ ಕೆಲಸ ಮಾಡುತ್ತದೆ. ಗಾಳಿಯಾಡದ ಜಾಗ, ಜನಜಂಗುಳಿ, ಹತ್ತಿರದ ಮಾತುಕತೆ, ಈ ಮೂರನ್ನು ತಪ್ಪಿಸಿ ಎಂಬ ಅವರ ಸಲಹೆ ಹುಟ್ಟಿದ್ದು ಹೀಗೆ.

ಕ್ಷಯದ ವಿಷಯದಲ್ಲಿ ಜಾಲ ಇನ್ನೂ ಚಿಕ್ಕದು, ಹೆಚ್ಚಿನ ಸಲ ಒಂದು ಮನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿದ್ದ 10,345 ಮಂದಿಯನ್ನು ಹಿಂಬಾಲಿಸಿದರು. ಒಂದು ಗುಂಪಿನ ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರದ ಕಿಟ್. ಇನ್ನೊಂದರಲ್ಲಿ ಮನೆಮಂದಿಗೆಲ್ಲ ತಿಂಗಳಿಗಿಷ್ಟು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ. ಎರಡನೆಯ ಗುಂಪಿನಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇ 39ರಷ್ಟು ಕಡಿಮೆ. 2023ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಲಸಿಕೆಯ ಮಾತೇ ಇಲ್ಲ. ರೋಗಿಯ ಸುತ್ತ ಯಾರಿದ್ದಾರೆ ಎಂದು ನೋಡಿ, ಅವರ ತಟ್ಟೆಗೆ ಅನ್ನ ಬೇಳೆ ಬಡಿಸಿದ್ದೇ ಮದ್ದಾಯಿತು.

ಇಷ್ಟೆಲ್ಲ ಆದರೂ ಸಂಪರ್ಕ ಪತ್ತೆ ಎಲ್ಲ ರೋಗಕ್ಕೂ ರಾಮಬಾಣವಲ್ಲ. ಸಿಡುಬಿನಲ್ಲಿ ಗುಳ್ಳೆ ಕಣ್ಣಿಗೆ ಕಾಣುತ್ತಿತ್ತು, ಮುಖ್ಯವಾಗಿ ಹರಡುತ್ತಿದ್ದುದೂ ಲಕ್ಷಣ ಕಾಣಿಸಿದ ಮೇಲೆ, ಸಂಪರ್ಕವಾದ ಮೂರ್ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ರಕ್ಷಣೆ ಸಿಗುತ್ತಿತ್ತು. ಕೋವಿಡ್ ಲಕ್ಷಣಕ್ಕಿಂತ ಮೊದಲೇ ಹರಡುತ್ತಿತ್ತು. ದಡಾರ ಎಷ್ಟು ಬೇಗ ಹಬ್ಬುತ್ತದೆಂದರೆ ಪಟ್ಟಿ ಮುಗಿಯುವಷ್ಟರಲ್ಲಿ ಮುಂದಿನ ಸುತ್ತು ಶುರುವಾಗಿರುತ್ತದೆ. ಅದಕ್ಕೆ ಎಲ್ಲ ಮಕ್ಕಳಿಗೂ ಲಸಿಕೆಯೇ ಗತಿ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಎರಡನೇ ಅಲೆ ಉಕ್ಕಿದಾಗ ಬೆಂಗಳೂರಿನಲ್ಲಿ ಯಾರ ಸಂಪರ್ಕ ಯಾರು ಎಂದು ಕೇಳುವ ವ್ಯವಧಾನವೂ ಉಳಿಯಲಿಲ್ಲ. ಈ ಉಪಾಯ ಫಲಿಸುವುದು ಪ್ರಕರಣಗಳು ಕಡಿಮೆ ಇದ್ದಾಗ, ಅಂದರೆ ಇನ್ನೂ ಯಾರೂ ಹೆದರದಿದ್ದಾಗ.

ಇನ್ನೊಂದು ಷರತ್ತು ತಾಂತ್ರಿಕವಲ್ಲ. ಈ ಇಡೀ ವಿದ್ಯೆ ನಿಂತಿರುವುದು ‘ನೀವು ಯಾರನ್ನು ಭೇಟಿಯಾದಿರಿ’ ಎಂಬ ಪ್ರಶ್ನೆಗೆ ಸಿಗುವ ನಿಜವಾದ ಉತ್ತರದ ಮೇಲೆ. 2020ರಲ್ಲಿ ನಾವು ಆ ಉತ್ತರಕ್ಕೆ ಕೊಟ್ಟ ಬೆಲೆ ಏನು? ಕೈ ಮೇಲೆ ಮುದ್ರೆ, ಬಾಗಿಲಿಗೆ ಪೋಸ್ಟರ್, ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿ ಎಲ್ಲರ ಮೊಬೈಲಿನಲ್ಲಿ. ಒಂದು ಕ್ಲಸ್ಟರ್ ಸಿಕ್ಕರೆ ಇಡೀ ಸಮುದಾಯದ ಮೇಲೆ ಗೂಬೆ. ಈ ಮಾಹಿತಿ ಬೇರೆ ಯಾವುದಕ್ಕೋ ಬಳಕೆಯಾಗುತ್ತದೆ ಎಂಬ ಗುಮಾನಿಯಲ್ಲಿ ಬೆಂಗಳೂರಿನಲ್ಲಿ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯೂ ನಡೆಯಿತು. ಸಮರ್ಥ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಮನೆಗಳಿಗೆ ಪೋಸ್ಟರ್ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಸಂಪರ್ಕಿತರನ್ನು ಬ್ಲೂಟೂತ್‌ನಲ್ಲಿ ಹಿಡಿಯಲು ‘ಆರೋಗ್ಯ ಸೇತು’ ಆ್ಯಪ್ ಬಂತು. ಆದರೆ ಗೋಡೆಯ ಆಚೆ ಇದ್ದವನನ್ನೂ ಪಕ್ಕದಲ್ಲಿ ಕೂತವನನ್ನೂ ಫೋನು ಒಂದೇ ರೀತಿ ಲೆಕ್ಕ ಹಾಕಬಹುದು; ಫೋನೇ ಇಲ್ಲದವರು ಲೆಕ್ಕಕ್ಕೇ ಇಲ್ಲ.

ಸಿಡುಬಿನ ಕಾಲವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆ ಅಭಿಯಾನದ ಕೊನೆಯ ದಿನಗಳಲ್ಲಿ ಬಲವಂತದ ಲಸಿಕೆಯೂ ನಡೆದದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ಜಾಣರು. ರೋಗಿಯನ್ನು ತೋರಿಸಿಕೊಟ್ಟವರಿಗೆ ಅವರು ಬಹುಮಾನ ಕೊಟ್ಟರು, ನಾವು ಸಂಪರ್ಕ ಹೇಳಿದವರ ಮನೆ ಬಾಗಿಲಿಗೆ ಕಳಂಕ ಅಂಟಿಸಿದೆವು. ಮುಂದಿನ ಸಲ ಸುಳ್ಳು ಹೇಳಬೇಕೆಂದು ಜನರಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವುದು ಹೇಗೆ?

ಮುಂದಿನ ಸೋಂಕು ಯಾವುದೇ ಇರಲಿ, ಅದು ಬರುವ ಮೊದಲೇ ಮಾಡಿಡಬಹುದಾದ ಕೆಲಸ ಮೂರಿವೆ. ಒಂದು, ವಾರ್ಡು, ಹಳ್ಳಿಗಳಲ್ಲಿ ಜನ ಎಲ್ಲಿ ಸೇರುತ್ತಾರೆ, ಯಾರ ಮಾತು ಬೇಗ ಮುಟ್ಟುತ್ತದೆ ಎಂಬ ತಿಳಿವಳಿಕೆ ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಇದೆ. ಅದನ್ನು ಇಲಾಖೆ ಅವರಿಂದ ಕೇಳಿ ತಿಳಿಯಬೇಕು, ಆ ಕೆಲಸಕ್ಕೆ ಸರಿಯಾದ ಸಂಬಳವನ್ನೂ ಕೊಡಬೇಕು. ಎರಡು, ಮನೆಯಲ್ಲಿ ಕೂರಿಸಿದವರ ಕೂಲಿಯ ನಷ್ಟ ತುಂಬಿಕೊಡಬೇಕು. ಹೆಸರು ಹೇಳಿದರೆ ಗೆಳೆಯನ ಎರಡು ವಾರದ ದುಡಿಮೆ ಹೋಗುತ್ತದೆ ಎಂದಾದರೆ ಯಾರೂ ಬಾಯಿ ಬಿಡುವುದಿಲ್ಲ. ಮೂರು, ಸಂಪರ್ಕದ ಮಾಹಿತಿ ಆರೋಗ್ಯ ಇಲಾಖೆಯ ಹೊರಗೆ, ಪೊಲೀಸರಿಗಾಗಲಿ ಬೇರೆ ಇಲಾಖೆಗಾಗಲಿ, ಹೋಗುವುದಿಲ್ಲ ಎಂಬ ಖಾತರಿ ಕಾನೂನಿನಲ್ಲೇ ಇರಬೇಕು. ಮೂಲತಃ ನಾಲ್ಕೇ ಸೆಕ್ಷನ್‌ಗಳಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರದ ಅಧಿಕಾರ, ತಪ್ಪಿದವರಿಗೆ ಶಿಕ್ಷೆ, ಅಧಿಕಾರಿಗಳಿಗೆ ರಕ್ಷಣೆ ಇವನ್ನಷ್ಟೇ ಹೇಳುತ್ತಿತ್ತು. ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಏನು ರಕ್ಷಣೆ ಎಂಬುದು ಅದರಲ್ಲಿರಲಿಲ್ಲ. ಕಾಯ್ದೆ ಬ್ರಿಟಿಷರದು, ಆ ಕೊರತೆ ತುಂಬಬೇಕಾದವರು ಈಗ ನಮ್ಮದೇ ವಿಧಾನಸಭೆ, ಸಂಸತ್ತುಗಳಲ್ಲಿ ಕೂತಿದ್ದಾರೆ.